ಮಾಸ್ಕೋದಲ್ಲಿ ಯೆಝೋವ್‌ನ ಜಾಡು ಹಿಡಿದು

ಮಾಸ್ಕೋಗೆ ಹೋದವರು ಕ್ರೆಮ್ಲಿನ್ ನೋಡೇ ನೋಡುತ್ತಾರೆ. ನಾನು ಅದರ ಜೊತೆಗೆ ಎರಡು ದಿನ ಒಬ್ಬ ಮನುಷ್ಯನ ಜಾಡು ಹಿಡಿದು ಅಲೆದೆ. ನಿಕೊಲಾಯ್ ಯೆಝೋವ್. 1936ರ ಸೆಪ್ಟೆಂಬರ್‌ನಿಂದ 1938ರ ನವೆಂಬರ್‌ವರೆಗೆ ಸ್ಟಾಲಿನ್‌ನ ಗುಪ್ತ ಪೊಲೀಸ್ ಪಡೆ ಎನ್‌ಕೆವಿಡಿಯ ಮುಖ್ಯಸ್ಥ. ಮೊದಲೇ ಹೇಳಿಬಿಡುತ್ತೇನೆ, ಅವನ ಹೆಸರಿನ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ.

ದುಡ್ಡಿನ ವಿಷಯ ಮುಖ್ಯ. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಡಾಲರ್ ನೋಟು ಒಯ್ದು ರೂಬಲ್ ಮಾಡಿಸಿಕೊಳ್ಳಿ. ಮೆಟ್ರೋಗೆ ಟ್ರೋಯ್ಕಾ ಕಾರ್ಡ್ ಸಾಕು. ಹೊರಡುವ ಮುಂಚೆ ರಷ್ಯನ್ ಅಕ್ಷರ ಕಲಿತಿರಿ, ಒಂದು ವಾರದ ಕೆಲಸ ಅಷ್ಟೇ.

ಲುಬ್ಯಾಂಕಾ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಎನ್‌ಕೆವಿಡಿಯ ಕೇಂದ್ರ ಕಚೇರಿಯಾಗಿದ್ದ ದೊಡ್ಡ ಹಳದಿ ಕಟ್ಟಡ. ಇವತ್ತಿಗೂ ಅದು ಭದ್ರತಾ ಇಲಾಖೆಯದೇ. ಒಳಗೆ ಬಿಡುವುದಿಲ್ಲ, ಸುಮ್ನೆ ಕ್ಯಾಮೆರಾ ಆಡಿಸುತ್ತಾ ನಿಲ್ಲಬೇಡಿ. ಚೌಕದ ಪಕ್ಕದಲ್ಲಿ ದಮನಕ್ಕೆ ಬಲಿಯಾದವರ ನೆನಪಿನ ಸೊಲೊವೆಟ್ಸ್ಕಿ ಕಲ್ಲು ಇದೆ, ಸೆರೆ ಶಿಬಿರವಿದ್ದ ದ್ವೀಪದಿಂದ ತಂದು 1990ರಲ್ಲಿ ಇಟ್ಟಿದ್ದು. ಅಲ್ಲಿಂದ ಸ್ವಲ್ಪ ನಡೆದರೆ ನಿಕೋಲ್ಸ್ಕಾಯಾ ಬೀದಿಯ 23ನೇ ನಂಬರ್. ಕೆಲವೇ ನಿಮಿಷಗಳಲ್ಲಿ ಮರಣದಂಡನೆ ಕೊಡುತ್ತಿದ್ದ ಮಿಲಿಟರಿ ನ್ಯಾಯಪೀಠ ಕೂರುತ್ತಿದ್ದ ಮನೆ. ಬೀದಿಯ ತುಂಬ ದೀಪದ ತೋರಣ, ಐಸ್‌ಕ್ರೀಂ ತಿನ್ನುವ ಜನ.

ಯೆಝೋವ್‌ನ ಎತ್ತರ ಸುಮಾರು 151 ಸೆಂಟಿಮೀಟರ್. ಪಕ್ಷದ ಕಚೇರಿಯಲ್ಲಿ ಯಾರನ್ನು ಎಲ್ಲಿಗೆ ಹಾಕಬೇಕು ಅಂತ ಕಡತ ನೋಡಿಕೊಂಡು ಮೇಲೆ ಬಂದವನು. 1937ರ ಜುಲೈನಲ್ಲಿ ಅವನು ಸಹಿ ಹಾಕಿದ 00447ನೇ ಆದೇಶದಲ್ಲಿ ಪ್ರತಿ ಪ್ರಾಂತ್ಯಕ್ಕೂ ಕೋಟಾ ಇತ್ತು: ಇಷ್ಟು ಜನರಿಗೆ ಗುಂಡು, ಇಷ್ಟು ಜನರಿಗೆ ಶಿಬಿರ. ಇನ್ನೂ ಜಾಸ್ತಿ ಕೊಡಿ ಅಂತ ಪ್ರಾಂತ್ಯದವರೇ ಕೇಳಿದರು! ಸರ್ಕಾರದ್ದೇ ಲೆಕ್ಕದಲ್ಲಿ 1937–38ರ ಎರಡು ವರ್ಷ 6.8 ಲಕ್ಷಕ್ಕೂ ಹೆಚ್ಚು ಜನರಿಗೆ ಮರಣದಂಡನೆ.

ಆಮೇಲೆ ಅವನ ಸರದಿ. 1938ರ ಏಪ್ರಿಲ್‌ನಲ್ಲಿ ಜಲಸಾರಿಗೆ ಖಾತೆಯನ್ನೂ ಹೊರಿಸಿದರು, ಆಗಸ್ಟ್‌ನಲ್ಲಿ, ಮುಂದೆ ಅವನ ಕುರ್ಚಿಗೇ ಬಂದ ಬೆರಿಯಾನನ್ನು ಎನ್‌ಕೆವಿಡಿಯ ಉಪಮುಖ್ಯಸ್ಥನಾಗಿ ತಂದು ಕೂರಿಸಿದರು. ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕ ಅವನು ನಿಂತ ಫೋಟೋ ಒಂದಿದೆ. ತಿದ್ದಿದ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು. ಜಲಸಾರಿಗೆ ಮಂತ್ರಿಗೆ ತಕ್ಕ ಜಾಗವೇ, ಅಲ್ವಾ?

ನಗರದ ದಕ್ಷಿಣದ ಅಂಚಿನಲ್ಲಿ ಎನ್‌ಕೆವಿಡಿ ಜನರನ್ನು ಕೊಂದು ಹೂಳುತ್ತಿದ್ದ ಮೈದಾನ ಬುತೊವೊ. ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಬುಲ್ವಾರ್ ದ್ಮಿತ್ರಿಯಾ ದೊನ್‌ಸ್ಕೊಗೊವರೆಗೆ ಮೆಟ್ರೋ, ಆಮೇಲೆ ಬಸ್ಸು. ನೀರು, ತಿಂಡಿ ಜೊತೆಗಿರಲಿ. 1937ರ ಆಗಸ್ಟ್‌ನಿಂದ 1938ರ ಅಕ್ಟೋಬರ್‌ವರೆಗೆ ಅಲ್ಲಿ ಗುಂಡಿಗೆ ಸತ್ತವರು 20,762 ಮಂದಿ. ಕಲ್ಲಿನ ಮೇಲೆ ಹೆಸರುಗಳಿವೆ, ಸತ್ತ ದಿನದ ಪ್ರಕಾರ. ಒಂದೊಂದು ದಿನದ ಪಟ್ಟಿ ಓದುತ್ತಾ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮಾಸ್ಕೋದಲ್ಲಿ ಒಂದೇ ಜಾಗಕ್ಕೆ ಸಮಯ ಇದ್ದರೆ ಇಲ್ಲಿಗೇ ಹೋಗಿ.

ಕೊನೆಯದು ದೊನ್‌ಸ್ಕೊಯ್ ಸ್ಮಶಾನ. ನಾನು ದಾರಿ ತಪ್ಪಿ ಮಠದೊಳಗಿನ ಹಳೆಯ ಸ್ಮಶಾನದಲ್ಲಿ ಒಂದು ಗಂಟೆ ಸುತ್ತಿದೆ. ನೀವು ಹೊಸ ಸ್ಮಶಾನ ಕೇಳಿ, ಲೆನಿನ್‌ಸ್ಕಿ ಪ್ರಾಸ್ಪೆಕ್ಟ್ ಮೆಟ್ರೋ ಹತ್ತಿರ. 1939ರ ಏಪ್ರಿಲ್‌ನಲ್ಲಿ ಬಂಧನವಾದ ಯೆಝೋವ್‌ಗೆ 1940ರ ಫೆಬ್ರವರಿ 4ರಂದು ಗುಂಡಿಕ್ಕಿದರು. ಬೂದಿಯನ್ನು ಇಲ್ಲಿನ 1ನೇ ಸಾಮೂಹಿಕ ಗುಂಡಿಗೆ ಸುರಿದರು. ಒಂದು ವಾರ ಮುಂಚೆ ಗುಂಡಿಗೆ ಬಲಿಯಾದ ಲೇಖಕ ಬಾಬೆಲ್‌ನ ಬೂದಿಯೂ ಅದೇ ಗುಂಡಿಯಲ್ಲಿದೆ. ಸುತ್ತ ಮನೆಯವರು ನೆಟ್ಟ ಪುಟ್ಟ ಪುಟ್ಟ ಫಲಕಗಳು.

ಹೂ ಕೊಳ್ಳುವಾಗ ನಾನು ಮೂರು ಕೇಳಿದೆ. ಮಾರುವಾಕೆ ತಲೆಯಾಡಿಸಿ ಇನ್ನೊಂದು ಸೇರಿಸಿದಳು. ಸತ್ತವರಿಗೆ ಅಲ್ಲಿ ಸಮಸಂಖ್ಯೆಯ ಹೂವೇ ಇಡಬೇಕು.