ಒಂದೇ ಸರ್ವರ್, ಎರಡು ಡೊಮೇನ್: ಪೋಸ್ಟ್‌ಫಿಕ್ಸ್‌ನಲ್ಲಿ ವರ್ಚುಯಲ್ ಮೇಲ್‌ಬಾಕ್ಸ್

ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಓಡುವ ಒಂದೇ ಯಂತ್ರದಲ್ಲಿ ಕಾಗೆ.ಟೆಸ್ಟ್, ಗುಬ್ಬಿ.ಟೆಸ್ಟ್ ಅಂತ ಎರಡು ಡೊಮೇನ್ ಇವೆ, ಎರಡರಲ್ಲೂ ‘ಇನ್ಫೋ’ ವಿಳಾಸ ಬೇಕು ಅಂದುಕೊಳ್ಳಿ. ಲಿನಕ್ಸ್ ಬಳಕೆದಾರರ ಪಟ್ಟಿಯನ್ನೇ ನೆಚ್ಚಿಕೊಂಡರೆ ‘ಇನ್ಫೋ’ ಇರುವುದು ಒಬ್ಬನೇ. ಕಾಗೆಯ ಪತ್ರವೂ ಗುಬ್ಬಿಯ ಪತ್ರವೂ ಒಂದೇ ಪೆಟ್ಟಿಗೆಗೆ ಬೀಳುತ್ತವೆ. ವರ್ಚುಯಲ್ ಮೇಲ್‌ಬಾಕ್ಸ್‌ನಲ್ಲಿ ಹಾಗಲ್ಲ, ಪೂರ್ತಿ ವಿಳಾಸವೇ ಹೆಸರು.

ಮೊದಲು ‘ವಿಮೇಲ್’ ಎಂಬ ಒಬ್ಬ ಬಳಕೆದಾರನನ್ನು ಮಾಡಿ, ಯುಐಡಿ (ಬಳಕೆದಾರನ ಸಂಖ್ಯೆ), ಜಿಐಡಿ (ಗುಂಪಿನ ಸಂಖ್ಯೆ) ಎರಡೂ 5000 ಇರಲಿ, ಲಾಗಿನ್ ಶೆಲ್ ಬೇಡ. ಎಲ್ಲ ಪೆಟ್ಟಿಗೆಗಳ ಒಡೆಯ ಇವನೇ. ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲಾದ ಮೇನ್.ಸಿಎಫ್‌ನಲ್ಲಿ ವರ್ಚುಯಲ್_ಮೇಲ್‌ಬಾಕ್ಸ್_ಡೊಮೇನ್ಸ್‌ಗೆ ಎರಡೂ ಡೊಮೇನ್ ಬರೆಯಿರಿ. ವರ್ಚುಯಲ್_ಮೇಲ್‌ಬಾಕ್ಸ್_ಬೇಸ್‌ಗೆ ವಿಮೇಲ್‌ನ ಫೋಲ್ಡರ್ ಕೊಡಿ. ಯುಐಡಿ, ಜಿಐಡಿ ಮ್ಯಾಪ್‌ಗಳಿಗೆ ‘ಸ್ಟ್ಯಾಟಿಕ್:5000’. ವರ್ಚುಯಲ್_ಮೇಲ್‌ಬಾಕ್ಸ್_ಮ್ಯಾಪ್ಸ್ ಫೈಲಿನಲ್ಲಿ ಸಾಲಿಗೊಂದು ವಿಳಾಸ, ಮುಂದೆ ‘ಕಾಗೆ.ಟೆಸ್ಟ್/ಇನ್ಫೋ/’ ಎಂಬ ದಾರಿ. ಕೊನೆಯ ಸ್ಲಾಶ್ ಮರೆತರೆ ಮೇಲ್‌ಡಿರ್ (ಪತ್ರಕ್ಕೊಂದು ಫೈಲ್ ಇರುವ ಫೋಲ್ಡರ್) ಬದಲು ಎಲ್ಲ ಪತ್ರಗಳೂ ಒಂದರಲ್ಲೇ ಸೇರುವ ಎಂಬಾಕ್ಸ್ ಫೈಲ್ ಹುಟ್ಟಿಕೊಳ್ಳುತ್ತದೆ. ಫೈಲ್ ತಿದ್ದಿದಾಗಲೆಲ್ಲ ಪೋಸ್ಟ್‌ಮ್ಯಾಪ್ (ಪಟ್ಟಿಯನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಆದೇಶ) ಓಡಿಸಬೇಕು, ಇಲ್ಲದಿದ್ದರೆ ಹಳೆಯ ಪಟ್ಟಿಯೇ ನಡೆಯುತ್ತಿರುತ್ತದೆ.

ಹೆಚ್ಚಿನವರು ಎಡವುವುದು ಮೈಡೆಸ್ಟಿನೇಶನ್‌ನಲ್ಲಿ, ಅಂದರೆ ಲಿನಕ್ಸ್ ಬಳಕೆದಾರರಿಗೇ ಪತ್ರ ತಲುಪಿಸುವ ‘ಲೋಕಲ್’ ಡೊಮೇನ್‌ಗಳ ಪಟ್ಟಿಯಲ್ಲಿ. ಡೊಮೇನ್ ಅಲ್ಲೂ ಇದ್ದು ವರ್ಚುಯಲ್_ಮೇಲ್‌ಬಾಕ್ಸ್_ಡೊಮೇನ್ಸ್‌ನಲ್ಲೂ ಇದ್ದರೆ ಪೋಸ್ಟ್‌ಫಿಕ್ಸ್ ಅದನ್ನು ಲೋಕಲ್ ಎಂದೇ ಹಿಡಿಯುತ್ತದೆ. ಲಾಗ್‌ನಲ್ಲಿ ‘ಯೂಸರ್ ಅನ್‌ನೋನ್ ಇನ್ ಲೋಕಲ್ ರಿಸಿಪಿಯೆಂಟ್ ಟೇಬಲ್’ ಕಂಡರೆ ‘ಲೋಕಲ್’ ಪದವನ್ನೇ ನೋಡಿ: ಮ್ಯಾಪ್ ಸರಿಯಿದೆ, ಡೊಮೇನ್ ತಪ್ಪು ಪಟ್ಟಿಯಲ್ಲಿದೆ. ಅದೇ ಜಾಗದಲ್ಲಿ ‘ವರ್ಚುಯಲ್ ಮೇಲ್‌ಬಾಕ್ಸ್ ಟೇಬಲ್’ ಅಂತಿದ್ದರೆ ಮಾತ್ರ ಮ್ಯಾಪ್ ಫೈಲ್ ತೆರೆಯಿರಿ.

ಕ್ಯಾಚ್-ಆಲ್ (ಡೊಮೇನಿನ ಯಾವ ಹೆಸರಿಗೆ ಬಂದ ಪತ್ರವನ್ನೂ ಒಂದೇ ಕಡೆ ಹಿಡಿಯುವುದು) ಇನ್ನೊಂದು ಗುಂಡಿ. ಒಂದು ವಿಳಾಸದ ಪತ್ರವನ್ನು ಇನ್ನೊಂದಕ್ಕೆ ತಿರುಗಿಸುವ ಏಲಿಯಾಸ್ ಪಟ್ಟಿಯಲ್ಲಿ ‘@ಗುಬ್ಬಿ.ಟೆಸ್ಟ್’ ಅಂತ ಒಂದು ಸಾಲು ಹಾಕಿದ ಕೂಡಲೇ ನಿಜವಾದ ಪೆಟ್ಟಿಗೆಗಳಿಗೂ ಪತ್ರ ನಿಂತುಹೋಗುತ್ತದೆ. ಏಲಿಯಾಸ್ ಬದಲಾವಣೆ ಮೇಲ್‌ಬಾಕ್ಸ್ ಹುಡುಕುವುದಕ್ಕಿಂತ ಮೊದಲೇ ಆಗಿಹೋಗಿರುವುದೇ ಕಾರಣ. ಪ್ರತಿ ನಿಜ ವಿಳಾಸವನ್ನೂ ಏಲಿಯಾಸ್ ಪಟ್ಟಿಯಲ್ಲಿ ಅದಕ್ಕೇ ಅದನ್ನು ತೋರಿಸುವಂತೆ ಬರೆದರೆ ಸರಿಹೋಗುತ್ತದೆ. ನೋಡಲು ಪೆದ್ದು ಸಾಲುಗಳು, ಆದರೆ ಬೇಕೇ ಬೇಕು. (ಕ್ಯಾಚ್-ಆಲ್ ಇಡದಿರುವುದೇ ಲೇಸು; ಸ್ಪ್ಯಾಮ್‌ಗೆ ಹೆಬ್ಬಾಗಿಲು ಅದು.)

ಪೆಟ್ಟಿಗೆಗೆ ತುಂಬುವ ಕೆಲಸವನ್ನು ಎಲ್‌ಎಂಟಿಪಿ (ಪತ್ರವನ್ನು ಪೆಟ್ಟಿಗೆಗೆ ತಲುಪಿಸಲು ಹಸ್ತಾಂತರಿಸುವ ಪ್ರೋಟೊಕಾಲ್) ಮೂಲಕ, ಬಳಕೆದಾರರಿಗೆ ಪೆಟ್ಟಿಗೆ ತೆರೆದು ಕೊಡುವ ತಂತ್ರಾಂಶವಾದ ಡವ್‌ಕಾಟ್‌ಗೆ ಒಪ್ಪಿಸಿದರೆ ಮ್ಯಾಪ್‌ನಲ್ಲಿರುವ ದಾರಿಗೆ ಬೆಲೆಯಿಲ್ಲ, ವಿಳಾಸದ ಪಟ್ಟಿಗೆ ಮಾತ್ರ ಬೆಲೆ. ಹಾಗಂತ ಮ್ಯಾಪನ್ನೇ ಅಳಿಸಬೇಡಿ. ಮೇನ್.ಸಿಎಫ್‌ನಲ್ಲಿ ಆ ಸೆಟ್ಟಿಂಗ್ ಖಾಲಿಯಿದ್ದರೆ ಪೋಸ್ಟ್‌ಫಿಕ್ಸ್ ಆ ಡೊಮೇನಿನ ಯಾವ ಹೆಸರಿಗಾದರೂ ಪತ್ರ ಒಪ್ಪಿಕೊಂಡು, ಡವ್‌ಕಾಟ್ ತಿರಸ್ಕರಿಸಿದ ಮೇಲೆ, ‘ಕಳಿಸಿದವರು’ ಎಂದು ಬರೆದಿದ್ದ ಯಾರಿಗೋ ಬೌನ್ಸ್ (ತಲುಪಲಿಲ್ಲವೆಂಬ ಪತ್ರ) ಕಳಿಸುತ್ತದೆ. ಡವ್‌ಕಾಟ್‌ನ ಆಥ್_ಯೂಸರ್‌ನೇಮ್_ಫಾರ್ಮ್ಯಾಟ್ (ಬಳಕೆದಾರನ ಹೆಸರನ್ನು ಯಾವ ರೂಪಕ್ಕೆ ತರಬೇಕೆಂಬ ಸೆಟ್ಟಿಂಗ್) ಡೊಮೇನ್ ಭಾಗವನ್ನು ಕತ್ತರಿಸುವಂತೆ ಇರಬಾರದು. ಒಂದೇ ಡೊಮೇನಿಗೆಂದು ಬರೆದ ಸೆಟ್ಟಿಂಗ್ ನಕಲು ಮಾಡಿದರೆ ಹಾಗಿರುವ ಸಾಧ್ಯತೆ ಹೆಚ್ಚು. ಆಗ ಕಾಗೆ, ಗುಬ್ಬಿ ಮತ್ತೆ ಒಂದೇ ಗೂಡಿಗೆ.

ಲಾಗಿನ್ ಆದ ಕಾಗೆ ಗುಬ್ಬಿಯ ಹೆಸರಲ್ಲಿ ಕಳಿಸದಂತೆ ಎಸ್‌ಎಂಟಿಪಿಡಿ_ಸೆಂಡರ್_ಲಾಗಿನ್_ಮ್ಯಾಪ್ಸ್ (ಯಾವ ವಿಳಾಸ ಯಾವ ಲಾಗಿನ್‌ಗೆ ಸೇರಿದ್ದು ಎಂಬ ಪಟ್ಟಿ) ಇಟ್ಟು, ರಿಜೆಕ್ಟ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್ ಸೇರಿಸಿ. ಡಿಎನ್‌ಎಸ್‌ನಲ್ಲಿ ಎರಡೂ ಡೊಮೇನಿನ ಎಂಎಕ್ಸ್ (ಪತ್ರ ಯಾವ ಸರ್ವರ್‌ಗೆ ಬರಬೇಕೆಂಬ ದಾಖಲೆ) ಒಂದೇ ಹೋಸ್ಟ್‌ನೇಮ್ ತೋರಿಸಿದರೆ ಸಾಕು, ಪಿಟಿಆರ್ (ಐಪಿ ವಿಳಾಸದಿಂದ ಹೆಸರು ಹೇಳುವ ದಾಖಲೆ) ಕೂಡ ಆ ಹೆಸರಿಗೇ. ಎಸ್‌ಪಿಎಫ್ (ಯಾವ ಸರ್ವರ್ ಕಳಿಸಬಹುದೆಂಬ ಪಟ್ಟಿ), ಡಿಕಿಮ್ (ಪತ್ರದ ಡಿಜಿಟಲ್ ಸಹಿ) ಮಾತ್ರ ಡೊಮೇನಿಗೊಂದೊಂದು.

ಪತ್ರ ಕಳಿಸಿ ನೋಡುವ ಮೊದಲು ಪೋಸ್ಟ್‌ಮ್ಯಾಪ್‌ಗೆ ‘-ಕ್ಯೂ’ ಜತೆ ವಿಳಾಸ ಮತ್ತು ಮ್ಯಾಪಿನ ಹೆಸರು ಕೊಟ್ಟು ಕೇಳಿ. ದಾರಿ ಬಂದರೆ ಮುಂದುವರಿಯಿರಿ. ಏನೂ ಬರದಿದ್ದರೆ ವಿಳಾಸ ಪಟ್ಟಿಯಲ್ಲೇ ಇಲ್ಲ.