ಆವನಿ ಬೆಟ್ಟದಲ್ಲಿ ಬಾಲಚುಕ್ಕಿ

ಧೂಮಕೇತು ನೋಡಬೇಕೆಂದರೆ ಮೊದಲು ದಿಕ್ಕು ಗೊತ್ತುಮಾಡಿಕೊಳ್ಳಬೇಕು. 2024ರ ಸೆಪ್ಟೆಂಬರ್ ಕೊನೆಯಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಎಂಬ ಧೂಮಕೇತು ಪೂರ್ವದಲ್ಲಿ, ಸೂರ್ಯನಿಗಿಂತ ಸುಮಾರು ಒಂದೂವರೆ ಗಂಟೆ ಮುಂಚೆ ಹುಟ್ಟುತ್ತಿತ್ತು. ಹಾಗಾಗಿ ಬೆಂಗಳೂರಿನಿಂದ ಪೂರ್ವಕ್ಕೇ ಹೊರಟೆವು. ಆ ಕಡೆ ಹೋದಷ್ಟೂ ಊರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ. ಪಶ್ಚಿಮಕ್ಕೆ ಹೋಗಿದ್ದರೆ ಅದೇ ಬೆಳಕು ಕಣ್ಣಿಗೆ ಅಡ್ಡ ಬರುತ್ತಿತ್ತು.

ಶನಿವಾರ ರಾತ್ರಿ ಒಂದೂವರೆಗೆ ಮನೆ ಬಿಟ್ಟೆವು. ಕಾರು ಭಾವನದು, ಬೈನಾಕ್ಯುಲರ್ ನನ್ನದು. ಹೊಸಕೋಟೆ ದಾಟುವಾಗ ಭಾವನಿಗೆ ಹೇಳಿದೆ, ಲಡಾಖ್‌ನ ಹಾನ್ಲೆಯಲ್ಲಿರುವ ದೊಡ್ಡ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಇಲ್ಲಿಂದಲೇ ನಡೆಸುತ್ತಾರೆ ಅಂತ. "ಹಾಗಾದ್ರೆ ಇಲ್ಲೇ ನೋಡ್ಕೊಂಡು ವಾಪಸ್ ಹೋಗ್ಬಹುದಲ್ಲ?" ಅಂದರು. ನಿದ್ದೆ ಕೆಟ್ಟಿತ್ತು, ಪಾಪ.

ಕೋಲಾರ ಆದ ಮೇಲೆ ಹೆದ್ದಾರಿ ಖಾಲಿ. ಮುಳಬಾಗಿಲಿನ ಹತ್ತಿರದ ಆವನಿಗೆ ಬಂದಾಗ ನಾಲ್ಕು ಗಂಟೆ ಇರಬೇಕು. ಬೆಟ್ಟ ಪೂರ್ತಿ ಹತ್ತಲಿಲ್ಲ. ಪೂರ್ವಕ್ಕೆ ಬಯಲು ಕಾಣುವ ಒಂದು ಬಂಡೆ ಸಿಕ್ಕಿತು, ಅಲ್ಲೇ ಕಂಬಳಿ ಹಾಸಿದೆವು. ನೆತ್ತಿಯ ಮೇಲೆ ಗುರು, ದಕ್ಷಿಣಕ್ಕೆ ಲುಬ್ಧಕ. ಪೂರ್ವದಲ್ಲಿ ತೆಳ್ಳಗಿನ ಚಂದ್ರ, ಅದರ ಕೆಳಗೆ ಮಖಾ ನಕ್ಷತ್ರ. ಮಹಾಲಯ ಅಮಾವಾಸ್ಯೆಗೆ ಇನ್ನೆರಡು ಮೂರು ದಿನ ಇತ್ತು, ಚಂದ್ರನ ಕಾಟ ಇರಲಿಲ್ಲ.

ಬಾಲವೇ ಮೊದಲು ಕಾಣಿಸಿತು. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿಕೊಂಡಿರುತ್ತದೆ. ಸೂರ್ಯ ಇನ್ನೂ ಭೂಮಿಯ ಅಂಚಿನ ಕೆಳಗಿದ್ದ, ಆದ್ದರಿಂದ ಬಾಲ ಮೇಲಕ್ಕೆ, ತುಸು ಬಲಕ್ಕೆ ವಾಲಿ ನಿಂತಿತ್ತು. ಮಖಾ ನಕ್ಷತ್ರದಿಂದ ಕೆಳಗೆ ಬಲಕ್ಕೆ ಬೈನಾಕ್ಯುಲರ್ ಇಳಿಸುತ್ತಾ ಹೋದಾಗ ಆ ಮಸುಕು ಗೆರೆ ಸಿಕ್ಕಿತು. ತಲೆ ಇನ್ನೂ ಮಂಜಿನಲ್ಲೇ ಇತ್ತು. ಐದು ಗಂಟೆ ದಾಟುತ್ತಲೇ ತಲೆಯೂ ಮೇಲೆ ಬಂತು. ಆಮೇಲೆ ಬರಿಗಣ್ಣಿಗೂ ಕಂಡಿತು. ನೆಟ್ಟಗೆ ನೋಡಿದರೆ ತಲೆ ಮಾತ್ರ, ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿದರೆ ಬಾಲ ಉದ್ದಕ್ಕೆ ಎದ್ದುಬರುತ್ತಿತ್ತು. ಫೋಟೋಗಳಲ್ಲಿ ಕಾಣುವ ಬಣ್ಣ, ಬೆಳಕು ಯಾವುದೂ ಇರಲಿಲ್ಲ. ನನಗೇನೋ ಇದೇ ಹೆಚ್ಚು ಇಷ್ಟವಾಯಿತು.

"ಇದ್ಯಾಕೆ ಓಡ್ತಾನೇ ಇಲ್ಲ?" ಭಾವನ ಪ್ರಶ್ನೆ. ಎರಡು ದಿನ ಮೊದಲು, 27ರಂದು, ಅದು ಸೂರ್ಯನಿಂದ ಸುಮಾರು 5.8 ಕೋಟಿ ಕಿ.ಮೀ. ದೂರದಲ್ಲಿ ತಿರುಗಿತ್ತು. ಆಗ ಅದರ ವೇಗ ಸೆಕೆಂಡಿಗೆ ಹತ್ತಿರಹತ್ತಿರ 67 ಕಿ.ಮೀ. ಬೆಂಗಳೂರಿನಿಂದ ಕೋಲಾರಕ್ಕೆ ಒಂದು ಸೆಕೆಂಡ್ ಸಾಕು! ಆದರೂ ಕೋಟಿಗಟ್ಟಲೆ ಕಿ.ಮೀ. ಆಚೆ ಇರುವುದರಿಂದ ನಮಗೆ ನಿಂತಲ್ಲೇ ನಿಂತಂತೆ. ಇದು 80,000 ವರ್ಷಕ್ಕೊಮ್ಮೆ ಬರುತ್ತದೆ ಅಂತ ಆಗ ಎಲ್ಲ ಕಡೆ ಬರೆಯುತ್ತಿದ್ದರು. ಮತ್ತೆ ಬರುವುದೇ ಅನುಮಾನ ಎನ್ನುವವರೂ ಇದ್ದರು. ನಮಗೆ ಎರಡೂ ಒಂದೇ ಅಲ್ವಾ?

ಅಷ್ಟರಲ್ಲಿ ಡೈರಿಗೆ ಹಾಲು ಒಯ್ಯುತ್ತಿದ್ದ ಯಜಮಾನರೊಬ್ಬರು ಕೆಳಗೆ ಗಾಡಿ ನಿಲ್ಲಿಸಿ ಹತ್ತಿರ ಬಂದರು. "ಏನ್ ಸಾರ್ ನೋಡ್ತಿದ್ದೀರಾ?" ಬೈನಾಕ್ಯುಲರ್ ಕೊಟ್ಟೆ. ತುಂಬಾ ಹೊತ್ತು ಹುಡುಕಿದರು. "ಓ ಸಿಕ್ತು. ಊದುಬತ್ತಿ ಹೊಗೆ ಎದ್ದಂಗೈತೆ. ನಾನು ಸಣ್ಣೋನಿದ್ದಾಗ ಒಂದು ನೋಡಿದ್ದೆ ಸಾರ್. ಶಾಸ್ತ್ರಿಗಳು ಪ್ರಧಾನಿ ಆಗಿದ್ರಲ್ಲ, ಪಾಕಿಸ್ತಾನದ ಯುದ್ಧ ಮುಗಿದಿತ್ತು. ಅದು ಇದಕ್ಕಿಂತ ದೊಡ್ಡದು. ಮನೇಲಿ ಎಲ್ರೂ ಹೆದರಿದ್ರು."

1965ರ ಅಕ್ಟೋಬರ್‌ನ ಇಕೆಯಾ-ಸೆಕಿ ಇರಬೇಕು. ಅದೂ ಬೆಳಗಿನ ಜಾವವೇ ಕಂಡದ್ದು, ಆ ಶತಮಾನದ ಅತಿ ಪ್ರಕಾಶಮಾನ ಧೂಮಕೇತುಗಳಲ್ಲಿ ಒಂದು. ನಾನು ಹೆಸರು ಹೇಳಿದೆ. ಅವರಿಗೆ ಹೆಸರು ಬೇಕಿರಲಿಲ್ಲ. "ನನ್ನ ಹೆಂಡ್ತಿಗೂ ತೋರಿಸ್ಬೇಕಿತ್ತು, ನಾಳೇನೂ ಇರ್ತದಾ?" ಅಂತ ಕೇಳಿಕೊಂಡರು. ಇನ್ನೂ ಮೂರ್ನಾಲ್ಕು ದಿನ ಇರುತ್ತದೆ, ಐದು ಗಂಟೆಗೆಲ್ಲ ಬನ್ನಿ ಎಂದೆ.

ಐದೂವರೆ ಕಳೆಯುತ್ತಲೇ ಬೆಳಕು ಹರಿದು ಎಲ್ಲ ಮುಗಿಯಿತು. ಬೆಟ್ಟದ ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳನ್ನು ನೋಡಿ, ಮುಳಬಾಗಿಲಿಗೆ ಹೋಗಿ ದೋಸೆ ತಿಂದೆವು. ದಪ್ಪ, ಗರಿಗರಿ, ಕೈತುಂಬ ತುಪ್ಪ. ಭಾವ ಎರಡನೆಯದಕ್ಕೂ ಹೇಳಿದರು.

ಧೂಮಕೇತು ಅಕ್ಟೋಬರ್ 12ಕ್ಕೆ ಭೂಮಿಗೆ ಹತ್ತಿರ ಬಂದು, ಆಮೇಲೆ ಸಂಜೆ ಪಶ್ಚಿಮದಲ್ಲಿ ಕಾಣತೊಡಗಿತು. ನಿದ್ದೆ ಕೆಡಿಸಿಕೊಳ್ಳದೆ ಆಗಲೇ ನೋಡೋಣ ಎಂದು ಕಾದಿದ್ದ ನಮ್ಮ ಗೆಳೆಯರು ಆ ವಾರ ಬೆಂಗಳೂರಿನಲ್ಲಿ ಮಳೆ ನೋಡಿದರು.