ಒಂದು ಡಾಲರ್ ಟಿಕೆಟ್ಟೂ ನಮ್ಮ ಜೀರೋ ಟಿಕೆಟ್ಟೂ

ಒಂದು ಸಲ ಹತ್ತಿದರೆ ಒಂದು ಡಾಲರ್. ಎರಡು ಸ್ಟಾಪ್ ಹೋದರೂ ಅಷ್ಟೇ, ರೈಲು ಹಿಡಿದು ದೂರದ ಊರಿಗೆ ಹೋದರೂ ಅಷ್ಟೇ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಲಿಬರಲ್ ಪಕ್ಷ 2022ರ ಚುನಾವಣೆಗೆ ಕೊಟ್ಟಿದ್ದ ಭರವಸೆ ಇದು. ಬಸ್ಸಿನಲ್ಲೇ ಆಯಸ್ಸು ಸವೆಸಿದವನ ಕಣ್ಣಿಗೆ ಇಂಥದ್ದು ಬಿದ್ದರೆ ಸುಮ್ನೆ ಇರೋಕಾಗುತ್ತಾ?

ನಾನು ಚಿಂತಾಮಣಿಯವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ, ಈಗ ರಿಟೈರ್ ಆಗಿದ್ದೇನೆ. ಅಕ್ಕನ ಮಗ ಓದೋಕೆ ಅಂತ ಟೊರಾಂಟೊ ಕಡೆ ಹೋದವನು ಅಲ್ಲೇ ಕೆಲಸಕ್ಕೆ ನಿಂತಿದ್ದಾನೆ. ಪೌರತ್ವ ಇನ್ನೂ ಸಿಕ್ಕಿಲ್ಲ. ಹಾಗಾಗಿ ಅವನಿಗೆ ಓಟಿಲ್ಲ, ಬಸ್ಸು ಮಾತ್ರ ಇದೆ. ಯುಗಾದಿಗೆ ಊರಿಗೆ ಬಂದಾಗ "ಮಾಮ, ಇದು ನೀವು ಓದಬೇಕಾದ್ದು" ಅಂತ ಆ ಪಕ್ಷದ ಹಳೇ ಪ್ರಣಾಳಿಕೆಯನ್ನು ನನ್ನ ಫೋನಿಗೆ ಹಾಕಿಕೊಟ್ಟ. ನನ್ನ ಇಂಗ್ಲಿಷು ಪ್ಯಾಸೆಂಜರ್ ಗಾಡಿ ಥರ, ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುತ್ತೆ. ಮನೆಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಅವಳು ಹೈಸ್ಕೂಲ್ ಟೀಚರ್.

ಮೊದಲು ಆ ಪಕ್ಷದ ಕಥೆ ಸ್ವಲ್ಪ. ಕೆನಡಾದ ಹಿಂದಿನ ಪ್ರಧಾನಿ ಟ್ರೂಡೊ ಅವರ ಪಕ್ಷದ್ದೂ ಇದೇ ಹೆಸರು, ಆದರೆ ಸಂಘಟನೆ ಬೇರೆ. ಒಂಟಾರಿಯೊದಲ್ಲಿ 2003ರಿಂದ 2018ರವರೆಗೆ ಇವರದ್ದೇ ಆಡಳಿತ. 2018ರಲ್ಲಿ ಜನ 124ರಲ್ಲಿ ಬರೀ 7 ಸೀಟು ಕೊಟ್ಟು ಮನೆಗೆ ಕಳಿಸಿದರು. ಡಗ್ ಫೋರ್ಡ್ ಅವರ ಕನ್ಸರ್ವೇಟಿವ್ ಸರ್ಕಾರ ಬಂತು. ಆ ಮನುಷ್ಯ ಗೆದ್ದಿದ್ದರಲ್ಲಿ ಬಿಯರ್ ಭರವಸೆಯದ್ದೂ ಒಂದು ಪಾಲಿತ್ತು. ಬಾಟಲಿ ಒಂದು ಡಾಲರಿಗೆ ಸಿಗೋ ಹಾಗೆ ಮಾಡ್ತೀನಿ ಅಂದರು. ಕನಿಷ್ಠ ಬೆಲೆಯನ್ನು ಒಂದೂಕಾಲು ಡಾಲರಿಂದ ಒಂದಕ್ಕೆ ಇಳಿಸಿಯೂ ಬಿಟ್ಟರು. ಆ ಬೆಲೆಗೆ ಮಾರೋಕೆ ಮುಂದೆ ಬಂದ ಕಂಪನಿಗಳು ಮಾತ್ರ ಬೆರಳೆಣಿಕೆಯಷ್ಟು. ಮತ್ತೆ 2022ಕ್ಕೆ ಲಿಬರಲ್ ನಾಯಕ ಸ್ಟೀವನ್ ಡೆಲ್ ಡೂಕಾ ಬಂದರು. ಬಿಯರಿನ ಜಾಗಕ್ಕೆ ಬಸ್ಸು ಬಂತು, ಡಾಲರ್ ಮಾತ್ರ ಅದೇ ಒಂದು. ಈ ಡೆಲ್ ಡೂಕಾ 2014ರಿಂದ 2018ರ ಶುರುವಿನವರೆಗೆ ಸಾರಿಗೆ ಮಂತ್ರಿಯಾಗಿದ್ದವರು. ಬಸ್ಸಿನ ಲೆಕ್ಕ ಗೊತ್ತಿಲ್ಲದವರೇನಲ್ಲ.

ಆಗ ಟೊರಾಂಟೊದಲ್ಲಿ ಬಸ್ ಹತ್ತಿದರೆ ಮೂರೂಕಾಲು ಡಾಲರ್. ಕೆನಡಾ ಡಾಲರ್ ಅಂದ್ರೆ ಆಗ ನಮ್ಮ 60 ರೂಪಾಯಿ ಆಸುಪಾಸು. ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸೋದು, ತಿಂಗಳ ಪಾಸು 40 ಡಾಲರ್ ಮಾಡೋದು. ಇದೆಲ್ಲಾ 2024ರ ಜನವರಿವರೆಗೆ ಮಾತ್ರ. ಖರ್ಚು ಮೊದಲ ವರ್ಷ 71 ಕೋಟಿ ಡಾಲರ್, ಮುಂದಿನ ವರ್ಷ 110 ಕೋಟಿ. ರಸ್ತೆಯಿಂದ ದಿನಕ್ಕೆ 4 ಲಕ್ಷ ಕಾರು ಕಡಿಮೆ ಆಗುತ್ತವೆ ಅಂತ ಅವರ ಲೆಕ್ಕ.

ಈ ಕಾರಿನ ಲೆಕ್ಕ ನನ್ನ ತಲೆಗೆ ಇಳಿಯಲಿಲ್ಲ. ಮುಗಿಯೋ ತಾರೀಕು ಹಾಕಿಕೊಂಡು ಬಂದ ರಿಯಾಯಿತಿ ನಂಬಿ ಯಾರು ಕಾರು ಮಾರುತ್ತಾರೆ ಹೇಳಿ. ಬಸ್ಸಿಗೆ ಒಗ್ಗಿಕೊಳ್ಳೋದು ಅಂದ್ರೆ ಮನೆ ಎಲ್ಲಿ, ಕೆಲಸ ಎಲ್ಲಿ, ಮಕ್ಕಳ ಸ್ಕೂಲ್ ಎಲ್ಲಿ ಅನ್ನೋದೆಲ್ಲಾ ಸೇರಿದ ಸಂಗತಿ. ದೀಪಾವಳಿ ಸೇಲಿನ ಹಾಗೆ ಬಂದು ಹೋಗೋದಲ್ಲ.

ನಮ್ಮ ಶಕ್ತಿ ಯೋಜನೆಗೆ ಮುಗಿಯೋ ತಾರೀಕು ಹಾಕಿರಲಿಲ್ಲ. 2023ರ ಜೂನ್ 11ಕ್ಕೆ ಶುರುವಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಬಸ್ಸು ಹತ್ತಿ ಹೆಂಗಸರಿಗೆ ಟಿಕೆಟ್ ಹರಿದುಕೊಟ್ಟರು. ನನ್ನ ಸರ್ವಿಸಿನ ಕೊನೆಯ ದಿನಗಳು ಅವು. ಹಿಂದಿನ ರಾತ್ರಿವರೆಗೂ ನಮ್ಮಲ್ಲಿ ಗುಸುಗುಸು. ಬಸ್ಸು ತುಂಬಿ ಫುಟ್‌ಬೋರ್ಡ್ ಮುರಿಯುತ್ತೆ ಅಂದವರೇ ಜಾಸ್ತಿ. ತುಂಬಿತು, ಸುಳ್ಳಲ್ಲ. ಗಂಡಸರಿಗೆ ಅಂತ ಅರ್ಧ ಸೀಟು ಬಿಡಬೇಕು ಅಂತ ಆದೇಶದಲ್ಲಿತ್ತು. ಅದನ್ನು ಬಿಡಿಸಿಕೊಡೋಕೆ ಹೋದ ಕಂಡಕ್ಟರ್ ಗತಿ ಯಾರಿಗೂ ಬೇಡ.

ಕೈವಾರ ಕ್ರಾಸಿನಲ್ಲಿ ಒಬ್ಬ ಅಜ್ಜಿ ಹತ್ತುತ್ತಿದ್ದಳು. ಹೂ ಕಟ್ಟಿ ಮಾರುವವಳು. ಮೊದಲೆಲ್ಲಾ ಮಡಿಚಿದ ಹತ್ತರ ನೋಟು ಕೈಗೆ ಕೊಟ್ಟು "ಇಷ್ಟಕ್ಕೆ ಎಲ್ಲಿವರೆಗೆ ಬರುತ್ತೋ ಅಲ್ಲಿಗೆ ಇಳಿಸು ಸಾಮಿ" ಅನ್ನೋಳು. ಒಂದು ಸ್ಟೇಜ್ ಮೊದಲೇ ಇಳಿದು ಬುಟ್ಟಿ ಹೊತ್ತು ನಡೆಯೋಳು. ಶಕ್ತಿ ಬಂದ ಮೇಲೆ ಆಧಾರ್ ಕಾರ್ಡಿನ ಜೆರಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿಗೆ ಗಂಟು ಹಾಕಿಕೊಂಡು ಬರತೊಡಗಿದಳು. ಕೇಳುವ ಮೊದಲೇ ಗಂಟು ಬಿಚ್ಚಿ ತೋರಿಸೋಳು. ರಶ್ಶಿನಲ್ಲಿ ನಾನು ಟಿಕೆಟ್ ಕೊಡೋದು ತಡ ಮಾಡಿದರೆ ಜಗಳ. "ಚೀಟಿ ಕೊಡು. ಸುಮ್ನೆ ಬಂದವಳು ಅನ್ನಿಸ್ಕೊಳ್ಳೋಕೆ ನಾನೇನು ಕದ್ದು ಬಂದಿದ್ದೀನಾ?" ಅನ್ನೋಳು. ಸೊನ್ನೆ ರೂಪಾಯಿ ಟಿಕೆಟ್ಟನ್ನು ಎಲೆ ಅಡಿಕೆ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಳ್ಳೋಳು.

ಅಜ್ಜಿ ಹೇಳಿದ್ದು ಸರಿ. ಆ ಚೀಟಿ ಇಲ್ಲದಿದ್ದರೆ ಲೆಕ್ಕವೇ ಇಲ್ಲ. ಎಲ್ಲಿ ಹತ್ತಿದಳು, ಎಲ್ಲಿ ಇಳಿದಳು, ಆ ದೂರಕ್ಕೆ ದರ ಎಷ್ಟಿತ್ತು ಅನ್ನೋದೆಲ್ಲಾ ಮೆಷಿನ್ನಿಗೆ ಗೊತ್ತಿರುತ್ತೆ. ಅದರ ಮೇಲೆ ಸರ್ಕಾರ ದುಡ್ಡು ತುಂಬಿಕೊಡಬೇಕು. ಪೂರ್ತಿ ತುಂಬುತ್ತಾ, ಹೊತ್ತಿಗೆ ತುಂಬುತ್ತಾ ಅನ್ನೋದು ಬೇರೆ ಪುರಾಣ. 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15 ಏರಿತು. ಅದೇ ವರ್ಷ ಆಗಸ್ಟ್ 5ಕ್ಕೆ 38 ತಿಂಗಳ ಸಂಬಳದ ಹಿಂಬಾಕಿ ಕೇಳಿ ನೌಕರರು ಮುಷ್ಕರಕ್ಕೆ ಇಳಿದರು. ಟಿಕೆಟ್ ಸೊನ್ನೆ ಆಗಬಹುದು, ಡೀಸೆಲ್ ಸೊನ್ನೆಗೆ ಬರೋಲ್ಲ ಅಲ್ವಾ.

ಒಂಟಾರಿಯೊದಲ್ಲಿ ಇನ್ನೊಂದು ಗಂಟಿದೆ. ನಮ್ಮಲ್ಲಿ ಬಸ್ಸು ರಾಜ್ಯ ಸರ್ಕಾರದ್ದೇ. ಅಲ್ಲಿ ಊರೂರಿನ ಬಸ್ಸು ಆಯಾ ನಗರಸಭೆಯದ್ದು. ದರ ಇಳಿಸ್ತೀನಿ ಅಂತ ಹೇಳೋದು ಪ್ರಾಂತ್ಯದ ಪಕ್ಷ, ಬಸ್ಸು ಓಡಿಸೋದು ನಗರಸಭೆ. ಕಡಿಮೆ ಬಿದ್ದ ದುಡ್ಡನ್ನು ಪ್ರಾಂತ್ಯ ತುಂಬಬೇಕು. ಅದರ ಜೊತೆಗೆ ಹೊಸ ರೂಟು, ಹೆಚ್ಚು ಹೊತ್ತಿನ ಸರ್ವಿಸು ಇವಕ್ಕೆಲ್ಲಾ ವರ್ಷಕ್ಕೆ 37 ಕೋಟಿ 50 ಲಕ್ಷ ಡಾಲರ್ ಕೊಡ್ತೀವಿ ಅಂದಿದ್ದರು. ನನ್ನ ಕೇಳಿದರೆ ಇಡೀ ಪ್ರಣಾಳಿಕೆಯಲ್ಲಿ ಇದೇ ಒಳ್ಳೇ ಸಾಲು. ಜನರ ಬಾಯಲ್ಲಿ ಓಡಾಡಿದ್ದು ಮಾತ್ರ ಒಂದು ಡಾಲರೇ. ಕಮ್ಮಿ ದರಕ್ಕೆ ಜನ ಬಸ್ ಸ್ಟಾಪಿಗೆ ಬರುತ್ತಾರೆ. ಬಂದ ಮೇಲೆ ಬಸ್ಸು ಬರಬೇಕಲ್ಲ? ನಮ್ಮೂರ ಒಳಗಿನ ಹಳ್ಳಿಗಳಲ್ಲಿ ಕೇಳಿ ನೋಡಿ. ಸರ್ಕಾರಿ ಬಸ್ಸೇ ಹೋಗದ ಊರಿನ ಹೆಂಗಸಿಗೆ ಜೀರೋ ಟಿಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವಳು ಇವತ್ತಿಗೂ ಪ್ರೈವೇಟ್ ಬಸ್ಸಿಗೋ ಆಟೋಗೋ ದುಡ್ಡು ಕೊಟ್ಟೇ ಬರುತ್ತಾಳೆ.

ಹಾಗಂತ ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ ನಾನು ಶಕ್ತಿ ಕಡೆಗೇ ನಿಲ್ಲುತ್ತೇನೆ. ಒಂದು ಡಾಲರ್ ಭರವಸೆಯಲ್ಲಿ ಆಫೀಸರ್ರಿಗೂ ಅದೇ ದರ, ಗಾರೆ ಕೆಲಸದವನಿಗೂ ಅದೇ ದರ. ಅದರಲ್ಲೂ ದಿನಾ ದೂರದಿಂದ ರೈಲಲ್ಲಿ ಬಂದು ಹೋಗೋರಿಗೆ ಜಾಸ್ತಿ ಲಾಭ, ನಾಲ್ಕು ಸ್ಟಾಪಿನವನಿಗೆ ಕಡಿಮೆ. ಸ್ಟೇಜ್ ಲೆಕ್ಕದಲ್ಲಿ ಬದುಕಿದ ನನಗೆ ಇದು ಒಪ್ಪಿಗೆಯಾಗಲಿಲ್ಲ. ಅಕ್ಕನ ಮಗ ವಾದ ಮಾಡಿದ. "ನಿಮ್ಮಲ್ಲಿ ಮಾತ್ರ ಏನು, ಕಾರಿರೋ ಹೆಂಗಸಿಗೂ ಫ್ರೀ ಅಲ್ವಾ ಮಾಮ?" ಅಂದ. ಕಾರಿರೋಳು ಕೆಂಪು ಬಸ್ಸಿಗೆ ನೇತಾಡಿಕೊಂಡು ಬರೋಲ್ಲ ಕಣೋ ಅಂದೆ.

ಎರಡನೇ ದೊಡ್ಡ ಭರವಸೆ ರಸ್ತೆಯದ್ದು. ಅಂದ್ರೆ ರಸ್ತೆ ಬೇಡ ಅನ್ನೋದು. ಟೊರಾಂಟೊ ಸುತ್ತ ವಾನ್, ಕ್ಯಾಲೆಡನ್, ಬ್ರಾಂಪ್ಟನ್ ಮೇಲೆ ಹಾದು ಹೋಗುವ ಹೈವೇ 413 ಅನ್ನುವ ಹೊಸ ಹೆದ್ದಾರಿ, ಸುಮಾರು 60 ಕಿಲೋಮೀಟರ್. ಅದನ್ನು ಕೈಬಿಟ್ಟು ಆ 1,000 ಕೋಟಿ ಡಾಲರಿನಲ್ಲಿ 200 ಹೊಸ ಶಾಲೆ ಕಟ್ಟಿ, 4,500 ಶಾಲೆ ರಿಪೇರಿ ಮಾಡ್ತೀವಿ ಅಂದರು. ಹಿಂದೆ ಇವರದ್ದೇ ಸರ್ಕಾರ 2018ರಲ್ಲಿ ಈ ರಸ್ತೆಯನ್ನು ನಿಲ್ಲಿಸಿತ್ತು. ಇದರಿಂದ ಒಂದು ಗಾಡಿಗೆ ಉಳಿಯೋದು 30ರಿಂದ 60 ಸೆಕೆಂಡ್ ಅಂತ ತಜ್ಞರ ಸಮಿತಿ ಹೇಳಿತ್ತು. ಫೋರ್ಡ್ ಕಡೆಯವರು 30 ನಿಮಿಷ ಉಳಿಯುತ್ತೆ ಅಂದರು. ಒಂದೇ ರಸ್ತೆ, ಸೆಕೆಂಡು ನಿಮಿಷವಾಗಿ ಕೂತಿದೆ! ಟೈಮ್ ತಪ್ಪಿದರೆ ವಿವರಣೆ ಬರೆದುಕೊಡಬೇಕಿದ್ದ ನಮ್ಮಂಥವರಿಗೆ ಈ ಸವಲತ್ತು ಇರಲಿಲ್ಲ.

ಶಾಲೆ ದೊಡ್ಡದಾ ರಸ್ತೆ ದೊಡ್ಡದಾ ಅಂದ್ರೆ ಮನೆಯವಳು ಥಟ್ಟನೆ ಶಾಲೆ ಅಂದಳು. ಬ್ರಾಂಪ್ಟನ್ ಜನ ಹಾಗನ್ನಲಿಲ್ಲ. ಆ ಊರಿನ ಐದಕ್ಕೆ ಐದು ಸೀಟೂ ರಸ್ತೆ ಮಾಡ್ತೀವಿ ಅಂದವರಿಗೇ ಹೋಯಿತು. ನನಗೇನೂ ಆಶ್ಚರ್ಯ ಆಗಲಿಲ್ಲ. ಮಾಲೂರು, ಬಂಗಾರಪೇಟೆ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಹೋದವರೂ ಇದ್ದಾರೆ, ರಸ್ತೆ ಬಂತಲ್ಲ ಅಂತ ಪಕ್ಕದ ಜಮೀನಿಗೆ ರೇಟು ಕಟ್ಟುತ್ತಾ ಕೂತವರೂ ಇದ್ದಾರೆ. ದಿನಾ ಟ್ರಾಫಿಕ್ಕಿನಲ್ಲಿ ಕೂತವನಿಗೆ ರಸ್ತೆ ಕಣ್ಣೆದುರಿಗಿನದು. ಶಾಲೆಯ ಸೂರು ಸೋರೋದು ಒಳಗೆ ಕೂತ ಮಕ್ಕಳಿಗೆ ಮಾತ್ರ ಕಾಣುತ್ತೆ, ಅವರಿಗೆ ಓಟಿಲ್ಲ.

ಇನ್ನೂ ಬೇಕಾದಷ್ಟಿದೆ. ತರಗತಿಗೆ 20 ಮಕ್ಕಳೇ ಮಿತಿ. 2003ರಲ್ಲಿ ನಿಂತುಹೋದ 13ನೇ ಕ್ಲಾಸು ಬೇಕಾದವರಿಗೆ ವಾಪಸ್. ಕನಿಷ್ಠ ಕೂಲಿ ಗಂಟೆಗೆ 16 ಡಾಲರ್. ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡಿದರೆ ಹೇಗೆ ಅಂತ ಒಂದು ಪ್ರಯೋಗ. ಮನೆಯವಳು 20 ಮಕ್ಕಳು ಅನ್ನೋ ಕಡೆ ನಿಂತು ಎರಡು ಸಲ ಓದಿದಳು. ಏನೂ ಅನ್ನಲಿಲ್ಲ, ನಕ್ಕಳು.

ಅವಳು ನನಗೆ ಪಾಠ ಹೇಳಿದ್ದು ಓಟಿನ ವಿಷಯದಲ್ಲಿ. ಒಬ್ಬರಿಗೆ ಒಂದು ಗುರುತು ಹಾಕಿ ಬರೋ ಪದ್ಧತಿ ಬಿಟ್ಟು 1, 2, 3 ಅಂತ ಇಷ್ಟದ ಕ್ರಮದಲ್ಲಿ ಬರೆಯೋ ಪದ್ಧತಿ ತರ್ತೀವಿ ಅಂತ ಡೆಲ್ ಡೂಕಾ ಹೇಳಿದ್ದರು. ತರದಿದ್ದರೆ ರಾಜೀನಾಮೆ ಕೊಡ್ತೀನಿ ಅಂತಲೂ ಅಂದಿದ್ದರು. "ಇದರಲ್ಲಿ ಹೊಸದೇನಿದೆ? ನಾವು ಹಾಕ್ತಾನೇ ಇದ್ದೀವಲ್ಲ" ಅಂದಳು ಇವಳು. ನಿಜ. ವಿಧಾನ ಪರಿಷತ್ತಿಗೆ ಆಗ್ನೇಯ ಶಿಕ್ಷಕರ ಕ್ಷೇತ್ರ ಅಂತ ಒಂದಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆ ಎಲ್ಲಾ ಸೇರಿ. ಅಲ್ಲಿ ಕೊಡೋ ನೇರಳೆ ಬಣ್ಣದ ಸ್ಕೆಚ್ ಪೆನ್ನಲ್ಲೇ ಅಂಕಿ ಬರೆಯಬೇಕು. ಟಿಕ್ ಹಾಕಿದರೆ ಓಟು ಕುಲಗೆಟ್ಟಿತು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಸಾಕಾಗದಿದ್ದರೆ ಕೊನೆಯವರನ್ನು ತೆಗೆದು ಅವರ ಎರಡನೇ ಓಟು ಹಂಚುತ್ತಾ ಹೋಗುತ್ತಾರೆ. ಎಣಿಕೆ ರಾತ್ರಿಯೆಲ್ಲಾ ನಡೆಯೋದುಂಟು. ಪಾಠ ಹೇಳೋ ಮೇಷ್ಟ್ರುಗಳ ಓಟೇ ಅಷ್ಟಷ್ಟು ತಿರಸ್ಕೃತ ಆಗುತ್ತೆ ಅಂತ ನಾನು ರೇಗಿಸುತ್ತಿರುತ್ತೇನೆ.

ಲಿಬರಲ್‌ಗಳಿಗೆ ಈ ಪದ್ಧತಿಯ ಮೇಲೆ ಯಾಕಷ್ಟು ಆಸೆ ಅಂತ ಫಲಿತಾಂಶ ನೋಡಿದರೆ ಗೊತ್ತಾಗುತ್ತೆ. 2022ರ ಜೂನ್ 2ಕ್ಕೆ ಮತದಾನ. ಅವರಿಗೆ ಬಿದ್ದದ್ದು ಶೇ. 23.8, ಎಡಪಂಥದ ಕಡೆಗಿರೋ ಎನ್‌ಡಿಪಿ ಪಕ್ಷಕ್ಕೆ ಶೇ. 23.7. ಸೀಟು? ಎನ್‌ಡಿಪಿಗೆ 31, ಇವರಿಗೆ 8. ಫೋರ್ಡ್ ಪಕ್ಷಕ್ಕೆ ಶೇ. 41ರ ಹತ್ತಿರ ಬಿದ್ದು 83 ಸೀಟು. ಡೆಲ್ ಡೂಕಾ ತಮ್ಮ ಕ್ಷೇತ್ರದಲ್ಲೇ ಸೋತು ಅದೇ ರಾತ್ರಿ ನಾಯಕತ್ವ ಬಿಟ್ಟರು. ಅಂಕಿ ಬರೆಯೋ ಪದ್ಧತಿ ಬಂದಿದ್ದರೂ ಓಟಿನ ಪ್ರಮಾಣಕ್ಕೆ ಸರಿಯಾಗಿ ಸೀಟು ಸಿಗುತ್ತಿರಲಿಲ್ಲ, ಅದು ಬೇರೆ ಲೆಕ್ಕ. ಆದರೆ ಎಲ್ಲರಿಗೂ ಎರಡನೇ ಆಯ್ಕೆಯಾಗಬಲ್ಲ ನಡುವಿನ ಪಕ್ಷಕ್ಕೆ ಅನುಕೂಲ ಜಾಸ್ತಿ. ಇವರು ನಡುವಿನ ಪಕ್ಷ. ಅದಕ್ಕೇ ಇರಬೇಕು ಅಂತ ನನ್ನ ಗುಮಾನಿ.

ಅದಕ್ಕಿಂತ ದಂಗಾಗಿದ್ದು ಇನ್ನೊಂದು ಅಂಕಿ ನೋಡಿ. ಅವತ್ತು ಓಟು ಹಾಕಿದ್ದು ನೂರಕ್ಕೆ 44 ಜನ. 2023ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶೇ. 85 ದಾಟಿತ್ತು. ಮದುವೆ ದಿನ ಮದುಮಗಳನ್ನು ಕರೆತಂದು ಓಟು ಹಾಕಿಸೋ ಜನ ನಾವು. ಬಸ್ಸಿಗೆ ಒಂದೇ ಡಾಲರ್ ಅಂದರೂ ಅರ್ಧಕ್ಕರ್ಧ ಜನ ಮನೆಯಿಂದ ಏಳಲಿಲ್ಲ ಅಂದ್ರೆ, ಆ ಮಾತನ್ನು ಅವರು ನಂಬಲಿಲ್ಲವೋ, ಕಿವಿಗೇ ಹಾಕಿಕೊಳ್ಳಲಿಲ್ಲವೋ. ಅಕ್ಕನ ಮಗನನ್ನು ಕೇಳಿದೆ. "ಎಲ್ಲರಿಗೂ ಕಾರಿದೆ ಮಾಮ, ಬಸ್ಸಲ್ಲಿ ಬರೋದು ನಮ್ಮಂಥ ಓಟಿಲ್ಲದೋರೇ" ಅಂದ. ಸ್ವಲ್ಪ ಜಾಸ್ತಿಯೇ ಮಾಡಿ ಹೇಳಿದ. ಆದರೂ ಅದರಲ್ಲಿ ಏನೋ ಇದೆ ಅನ್ನಿಸಿತು.

2025ರ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ ನಡೆಯಿತು. ಆ ಹೊತ್ತಿಗೆ ನಾಯಕಿ ಬಾನಿ ಕ್ರಾಂಬಿ. ಈ ಸಲ ದೊಡ್ಡ ಭರವಸೆ ಬಸ್ಸಲ್ಲ, ಡಾಕ್ಟರು. ನಾಲ್ಕು ವರ್ಷದಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಫ್ಯಾಮಿಲಿ ಡಾಕ್ಟರ್. ಓಟು ಶೇ. 30ರ ಹತ್ತಿರಕ್ಕೆ ಏರಿತು, ಸೀಟು 14. ಎನ್‌ಡಿಪಿಗೆ ಶೇ. 19ಕ್ಕಿಂತ ಕಡಿಮೆ ಬಿದ್ದರೂ 27 ಸೀಟು. ಕ್ರಾಂಬಿ ಅವರೂ ತಮ್ಮ ಕ್ಷೇತ್ರದಲ್ಲಿ ಸೋತರು. ಆ ಪ್ರಣಾಳಿಕೆ ಇನ್ನೂ ಪೂರ್ತಿ ಓದಿಲ್ಲ. ಮನೆಯವಳು ಓದಿದ್ದಾಳೆ, ಬಸ್ಸಿಗಿಂತ ಡಾಕ್ಟರದ್ದೇ ದೊಡ್ಡ ಮಾತು ಅಂತಾಳೆ. ಹಾಗಾದರೆ ನೀನೇ ಬರಿ ಅಂದೆ. ಪಬ್ಲಿಕ್ ಪರೀಕ್ಷೆ ಮೌಲ್ಯಮಾಪನ ಮುಗಿಯೋವರೆಗೂ ಮಾತಾಡಿಸಬೇಡಿ ಅಂದಳು.